ಸಾವಿರ ಜನರ ದಳಪತಿ ತಾನೇ ಮೆಟ್ಟಿಲು ಹತ್ತಿದ್ದೇಕೆ? ಎಲ್ಮರ್ ಎಲ್ಸ್‌ವರ್ತ್ ಎಂಬ ಸ್ವಯಂಸೇವಕ ಸೈನಿಕನ ಬದುಕು, ಸಾವು

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ. ಮಡಿದ ಸೈನಿಕರ ಸಮಾಧಿಗೆ ಹೂವಿಡುವ ದಿನ. ಅಲ್ಲಿರುವ ಮಕ್ಕಳ ಮನೆಗೆ ಊರಿನಿಂದ ಹೋದ ತಂದೆ ತಾಯಂದಿರು ಆ ರಜೆಯಲ್ಲಿ ವಾಷಿಂಗ್ಟನ್ ನೋಡಲು ಹೊರಟರೆ ನದಿಯಾಚೆ ವರ್ಜೀನಿಯಾ ರಾಜ್ಯದಲ್ಲಿರುವ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲೂ ಒಂದು ಸುತ್ತು ಹಾಕುವುದುಂಟು. ಅಲ್ಲಿನ ಕಿಂಗ್ ಸ್ಟ್ರೀಟ್ ಮತ್ತು ಪಿಟ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಮಾರ್ಷಲ್ ಹೌಸ್ ಎಂಬ ವಸತಿಗೃಹವಿತ್ತು. 1861ರ ಮೇ 24ರ ಮುಂಜಾನೆ ಅದರ ಮೆಟ್ಟಿಲಿನ ಮೇಲೆ 24 ವರ್ಷದ ಕರ್ನಲ್ ಎಲ್ಮರ್ ಎಲ್ಸ್‌ವರ್ತ್ ಗುಂಡೇಟಿಗೆ ಸತ್ತ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಕಡೆ ಸತ್ತ ಮೊದಲ ಸೇನಾಧಿಕಾರಿ ಆತ.

ಸತ್ತದ್ದು ಯುದ್ಧಭೂಮಿಯಲ್ಲಲ್ಲ. ಮಹಡಿಯ ಮೇಲಿನ ಧ್ವಜವೊಂದನ್ನು ಇಳಿಸಿ ಕೆಳಗೆ ಬರುವಾಗ. ಸಾವಿರಕ್ಕೂ ಹೆಚ್ಚು ಜನರ ರೆಜಿಮೆಂಟನ್ನು ನಡೆಸುವವನು, ಕಾರ್ಪೋರಲ್ ದರ್ಜೆಯ ಒಬ್ಬ ಕಿರಿಯನಿಗೆ ಹೇಳಿ ಮಾಡಿಸಬಹುದಾದ ಕೆಲಸಕ್ಕೆ ಬೆರಳೆಣಿಕೆಯ ಜನರೊಂದಿಗೆ ತಾನೇ ಹೋದದ್ದೇಕೆ? ಹುಂಬತನ ಎಂದುಬಿಡುವುದು ಸುಲಭ. ಆದರೆ ಆಗಿನ ಸ್ವಯಂಸೇವಕ ಸೇನೆಯನ್ನು ಕಟ್ಟಿದ ಬಗೆ ಗೊತ್ತಾದರೆ ಈ ಸಾವು ಬೇರೆಯಾಗಿಯೇ ಕಾಣುತ್ತದೆ.

ಯಾರ ನಡುವಿನ ಯುದ್ಧ?

1860ರ ಹೊತ್ತಿಗೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಸುಮಾರು 40 ಲಕ್ಷ ಕಪ್ಪು ಜನ ಗುಲಾಮರಾಗಿದ್ದರು. ಹತ್ತಿಯ ತೋಟಗಳು ಅವರ ದುಡಿಮೆಯ ಮೇಲೆ ನಿಂತಿದ್ದವು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಎನ್ನುತ್ತಿದ್ದ ಅಬ್ರಹಾಂ ಲಿಂಕನ್ ಆ ವರ್ಷದ ಕೊನೆಯಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಒಂದೊಂದಾಗಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರಬಿದ್ದವು. ಕೊನೆಗೆ ಹೀಗೆ ಹೊರಟ ರಾಜ್ಯಗಳು 11. ಅವು ಕಟ್ಟಿಕೊಂಡ ಕೂಟಕ್ಕೆ ಕಾನ್ಫೆಡರಸಿ ಎಂದು ಹೆಸರು. ಉಳಿದ ಒಕ್ಕೂಟವನ್ನು ಯೂನಿಯನ್ ಎನ್ನುತ್ತಾರೆ. ಮಾತಿನಲ್ಲಿ ಉತ್ತರ, ದಕ್ಷಿಣ ಎಂದರೂ ನಡೆಯುತ್ತದೆ. 1861ರ ಏಪ್ರಿಲ್ 12ರಂದು ದಕ್ಷಿಣದವರು ಸೌತ್ ಕೆರೊಲಿನಾದಲ್ಲಿ ಇನ್ನೂ ಒಕ್ಕೂಟದ ಸೇನೆಯ ಕೈಯಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ತೋಪು ಹಾರಿಸಿದರು. ಯುದ್ಧ ಶುರುವಾಯಿತು.

ಕನ್ನಡ ನಾಡಿಗೂ ಇದರ ಬಿಸಿ ತಟ್ಟಿದೆ. ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಯಿತು, ಭಾರತದ ಹತ್ತಿಗೆ ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಆ ವೇಳೆಗಾಗಲೇ ಅಮೆರಿಕನ್ ತಳಿಯ ಹತ್ತಿ ನೆಲೆಯೂರಿತ್ತು. ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿತು.

ಇಲ್ಲದ ಸೇನೆಯನ್ನು ಎಬ್ಬಿಸಿದ ಬಗೆ

ಯುದ್ಧ ಶುರುವಾದಾಗ ಅಮೆರಿಕದ ಕಾಯಂ ಸೇನೆಯಲ್ಲಿ ಇದ್ದವರು ಸುಮಾರು 16 ಸಾವಿರ ಮಂದಿ. ಅವರಲ್ಲೂ ಹೆಚ್ಚಿನವರು ಪಶ್ಚಿಮದ ಗಡಿಗಳಲ್ಲಿ ಚದುರಿದ್ದರು. ಹಾಗಾಗಿ ಏಪ್ರಿಲ್ 15ರಂದು ಲಿಂಕನ್ 75 ಸಾವಿರ ಜನರನ್ನು ಕರೆದರು, ಅದೂ ಕೇವಲ ಮೂರು ತಿಂಗಳ ಸೇವೆಗೆ. ಮೂರು ತಿಂಗಳಲ್ಲಿ ಯುದ್ಧ ಮುಗಿಯುತ್ತದೆಂಬ ಭರವಸೆ ಹಲವರಿಗಿತ್ತು ನಿಜ, ಆದರೆ ಆ ಅವಧಿಗೆ ಕಾನೂನಿನ ಕಾರಣವೂ ಇತ್ತು. ರಾಜ್ಯಗಳ ಮಿಲಿಷಿಯಾ ಪಡೆಗಳನ್ನು, ಅಂದರೆ ಬೇಕಾದಾಗ ಕೂಡಿಸುವ ಸಾಮಾನ್ಯ ನಾಗರಿಕರ ಪಡೆಗಳನ್ನು, ಅಧ್ಯಕ್ಷರು ಅದಕ್ಕಿಂತ ಹೆಚ್ಚು ಕಾಲ ಇರಿಸಿಕೊಳ್ಳಲು 1795ರ ಕಾಯ್ದೆಯಲ್ಲಿ ಅವಕಾಶವಿರಲಿಲ್ಲ. ಮೇ 3ರಂದು ಇನ್ನೊಂದು ಕರೆ ಬಂತು: 42,034 ಸ್ವಯಂಸೇವಕರು, ಮೂರು ವರ್ಷದ ಸೇವೆ.

ಸ್ವಯಂಸೇವಕನೆಂದರೆ ಸಂಬಳವಿಲ್ಲದೆ ದುಡಿಯುವವನಲ್ಲ. ಯಾರ ಒತ್ತಾಯವೂ ಇಲ್ಲದೆ ಸಹಿ ಹಾಕಿ, ಇಷ್ಟು ಅವಧಿಗೆಂದು ಸೇರಿ, ಅವಧಿ ಮುಗಿದ ಮೇಲೆ ಮನೆಗೆ ಮರಳುವವನು. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 11 ಡಾಲರ್ ಸಂಬಳ. 1861ರ ಆಗಸ್ಟ್‌ನಿಂದ 13 ಡಾಲರ್. ಎರಡು ತಿಂಗಳಿಗೊಮ್ಮೆ ಕೊಡಬೇಕೆಂಬ ನಿಯಮವಿದ್ದರೂ ಬಟವಾಡೆ ತಡವಾಗುವುದೇ ಹೆಚ್ಚು. ಕಡ್ಡಾಯ ಸೇನಾಭರ್ತಿಯ ಕಾನೂನು ಉತ್ತರದಲ್ಲಿ ಬಂದದ್ದು 1863ರ ಮಾರ್ಚ್‌ನಲ್ಲಿ. ಆ ಮೇಲೂ ಉತ್ತರದ ಸೇನೆಯಲ್ಲಿ ಬಹುಪಾಲು ಜನ ಸ್ವಯಂಸೇವಕರೇ.

ಇಂಥ ಸೇನೆ ಮೇಲಿನಿಂದ ಕೆಳಕ್ಕೆ ಕಟ್ಟಿದ್ದಲ್ಲ, ಊರಿನಿಂದ ಎದ್ದದ್ದು. ಊರಿನಲ್ಲಿ ಹೆಸರಿದ್ದ ಒಬ್ಬ ವಕೀಲನೋ ವ್ಯಾಪಾರಿಯೋ ಮಿಲಿಷಿಯಾದ ಮಾಜಿ ಅಧಿಕಾರಿಯೋ 'ನಾನೊಂದು ಕಂಪನಿ ಕಟ್ಟುತ್ತೇನೆ' ಎಂದು ಸಾರುತ್ತಿದ್ದ. ಸಭೆ ಸೇರುತ್ತಿತ್ತು, ಭಾಷಣ ನಡೆಯುತ್ತಿತ್ತು, ಹುಡುಗರು ಸರದಿಯಲ್ಲಿ ನಿಂತು ಹೆಸರು ಬರೆಸುತ್ತಿದ್ದರು. ಒಂದು ಕಂಪನಿಗೆ ಒಬ್ಬ ಕ್ಯಾಪ್ಟನ್, ಇಬ್ಬರು ಲೆಫ್ಟಿನೆಂಟ್‌ಗಳು, ಐವರು ಸಾರ್ಜೆಂಟ್‌ಗಳು, ಎಂಟು ಕಾರ್ಪೋರಲ್‌ಗಳು, ಇಬ್ಬರು ವಾದ್ಯದವರು, ಒಬ್ಬ ಬಂಡಿಯವನು, 64ರಿಂದ 82 ಸಿಪಾಯಿಗಳು. ಇಂಥ ಹತ್ತು ಕಂಪನಿ ಸೇರಿದರೆ ಒಂದು ರೆಜಿಮೆಂಟು, ಅದರ ಮುಖ್ಯಸ್ಥ ಕರ್ನಲ್. ರಾಜ್ಯದ ಗವರ್ನರ್ ಅಧಿಕಾರಿಗಳಿಗೆ ನೇಮಕಪತ್ರ ಕೊಡುತ್ತಿದ್ದ. ಬಳಿಕ ಒಕ್ಕೂಟದ ಅಧಿಕಾರಿಯೊಬ್ಬ ಬಂದು ಹಾಜರಿ ಕರೆದು, ಪ್ರಮಾಣ ಮಾಡಿಸಿ, ಇಡೀ ರೆಜಿಮೆಂಟನ್ನು ರಾಷ್ಟ್ರೀಯ ಸೇವೆಗೆ ಬರೆದುಕೊಳ್ಳುತ್ತಿದ್ದ. ಅಲ್ಲಿಂದ ಮುಂದೆ ಸೇನಾ ಕಾನೂನು ಅವರ ಮೇಲೆ ನಡೆಯುತ್ತಿತ್ತು.

ಕನಿಷ್ಠ ವಯಸ್ಸು 18. ಹುಟ್ಟಿದ ದಿನದ ದಾಖಲೆ ಕೇಳುವವರು ಯಾರೂ ಇಲ್ಲದ್ದರಿಂದ ಸುಳ್ಳು ಹೇಳಿ ಸೇರಿದವರು ಬಹಳ. ವೈದ್ಯರ ತಪಾಸಣೆ ಹಲವೆಡೆ ಹೆಸರಿಗಷ್ಟೇ. ಆದರೆ ಮುಂದಿನ ಹಲ್ಲುಗಳನ್ನು ಮಾತ್ರ ನೋಡುತ್ತಿದ್ದರು, ಏಕೆಂದರೆ ತೋಟಾದ ಕಾಗದವನ್ನು ಹಲ್ಲಿನಿಂದಲೇ ಹರಿಯಬೇಕಿತ್ತು.

ಈ ಪದ್ಧತಿಯ ದೊಡ್ಡ ವಿಶೇಷ ಅಧಿಕಾರಿಗಳ ಆಯ್ಕೆ. ಅನೇಕ ಕಂಪನಿಗಳಲ್ಲಿ ಸಿಪಾಯಿಗಳೇ ಕೈ ಎತ್ತಿ ತಮ್ಮ ಕ್ಯಾಪ್ಟನ್‌ನನ್ನು ಆರಿಸುತ್ತಿದ್ದರು. ನಮ್ಮ ಓಣಿಯ ಕಬಡ್ಡಿ ತಂಡಕ್ಕೆ ಹುಡುಗರೇ ಸೇರಿ ನಾಯಕನನ್ನು ಆರಿಸಿದ ಹಾಗೆ. ಅಲ್ಲಿ ನಾಯಕನೆಂದರೆ ಗೆರೆಯಾಚೆ ನಿಂತು ಕೈ ತೋರಿಸುವವನಲ್ಲ, ಮೊದಲ ರೈಡಿಗೆ ತಾನೇ ಹೋಗುವವನು. ಹೋಗಲಿಲ್ಲವೆಂದರೆ ಮುಂದಿನ ಪಂದ್ಯಕ್ಕೆ ಅವನ ಮಾತು ಯಾರೂ ಕೇಳುವುದಿಲ್ಲ. ಸ್ವಯಂಸೇವಕ ಅಧಿಕಾರಿಗೆ ಭುಜದ ಪಟ್ಟಿಗಿಂತ ಹೆಚ್ಚಿನ ಬಲ ಬರುತ್ತಿದ್ದದ್ದು ಈ ನಂಬಿಕೆಯಿಂದ, ಮತ್ತು ಅದನ್ನು ಆತ ದಿನದಿನವೂ ಗಳಿಸಬೇಕಿತ್ತು.

ದರ್ಜಿಯ ಮಗ

ಎಲ್ಸ್‌ವರ್ತ್ ಹುಟ್ಟಿದ್ದು 1837ರ ಏಪ್ರಿಲ್ 11ರಂದು, ನ್ಯೂಯಾರ್ಕ್ ರಾಜ್ಯದ ಮಾಲ್ಟಾ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಹತ್ತಿರದ ಮೆಕ್ಯಾನಿಕ್‌ವಿಲ್‌ನಲ್ಲಿ. ತಂದೆ ದರ್ಜಿ. ಮಗ ಹುಟ್ಟಿದ ವರ್ಷವೇ ದೇಶದಲ್ಲಿ ದೊಡ್ಡ ಆರ್ಥಿಕ ಕುಸಿತವಾಗಿ ಅವರ ವ್ಯಾಪಾರ ನೆಲಕಚ್ಚಿತು. ಹುಡುಗನಿಗೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಸೇರುವ ಆಸೆ. ಅಲ್ಲಿ ಸೀಟು ಸಿಗಬೇಕಾದರೆ ಓದಿನ ತಳಹದಿ ಬೇಕು, ಜೊತೆಗೆ ಅಮೆರಿಕದ ಸಂಸತ್ತಿನ ಸದಸ್ಯನೊಬ್ಬ ಹೆಸರು ಸೂಚಿಸಬೇಕು. ದರ್ಜಿಯ ಮನೆಯಲ್ಲಿ ಎರಡಕ್ಕೂ ದಾರಿಯಿರಲಿಲ್ಲ.

ಹದಿಹರೆಯದಲ್ಲೇ ಮನೆ ಬಿಟ್ಟು ನ್ಯೂಯಾರ್ಕಿಗೆ, ಅಲ್ಲಿಂದ ಶಿಕಾಗೋಗೆ ಹೋದ. ಹಿಡಿದ ವ್ಯಾಪಾರ ಕೈ ಹತ್ತಲಿಲ್ಲ. ಆದರೆ ಶಿಕಾಗೋದಲ್ಲಿ ಚಾರ್ಲ್ಸ್ ಡಿವಿಲಿಯರ್ಸ್ ಎಂಬ ಫ್ರೆಂಚ್ ಕತ್ತಿವರಸೆ ಗುರುವಿನ ಪರಿಚಯವಾಯಿತು. ಆತ ಕ್ರೈಮಿಯಾ ಯುದ್ಧದಲ್ಲಿ ಫ್ರಾನ್ಸಿನ ಝುವಾವ್ ಪಡೆಯೊಂದಿಗೆ ಇದ್ದವನು. ಎಲ್ಸ್‌ವರ್ತ್‌ನ ಬದುಕು ತಿರುಗಿದ್ದು ಅಲ್ಲಿ.

ಝುವಾವ್ ಎಂದರೆ 1830ರಲ್ಲಿ ಫ್ರೆಂಚರು ಅಲ್ಜೀರಿಯಾದಲ್ಲಿ ಅಲ್ಲಿನ ಬರ್ಬರ್ ಬುಡಕಟ್ಟಿನವರಿಂದ ಕಟ್ಟಿದ ಕಾಲಾಳು ಪಡೆ. ಮುಂದೆ ಫ್ರೆಂಚರೇ ಅದರಲ್ಲಿ ತುಂಬಿಕೊಂಡರೂ ವೇಷ ಹಾಗೆಯೇ ಉಳಿಯಿತು: ದೊಗಲೆ ಷರಾಯಿ, ಎದೆ ತೆರೆದ ಗಿಡ್ಡ ಜಾಕೀಟು, ಸೊಂಟಕ್ಕೆ ಪಟ್ಟಿ, ತಲೆಗೆ ಕುಚ್ಚಿರುವ ಕೆಂಪು ಟೋಪಿ. ವೇಷ ಕಣ್ಣಿಗೆ ಬೀಳುತ್ತದೆ, ಆದರೆ ಸತ್ವವಿದ್ದದ್ದು ಕವಾಯತಿನಲ್ಲಿ. ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಿಲ್ಲುವುದೇ ರೂಢಿಯಾಗಿದ್ದ ಕಾಲದಲ್ಲಿ ಝುವಾವ್‌ಗಳು ಚದುರಿ ಓಡುವುದನ್ನು, ಮಂಡಿಯೂರಿ ಗುಂಡು ಹಾರಿಸುವುದನ್ನು, ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಬಂದೂಕು ತುಂಬುವುದನ್ನು ಕಲಿಯುತ್ತಿದ್ದರು.

ಮಲಗಿ ತುಂಬುವುದು ಎಷ್ಟು ಕಷ್ಟ ಎಂದು ತಿಳಿಯಲು ಆ ಕಾಲದ ಬಂದೂಕನ್ನು ನೋಡಬೇಕು. ಮಲೆನಾಡಿನವರಿಗೆ ಗೊತ್ತಿರುವ ಕೇಪಿನ ಕೋವಿಯ ಜಾತಿಯದೇ. 1861ರ ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ನಳಿಗೆಯೇ 40 ಅಂಗುಲ ಉದ್ದ, ಒಟ್ಟು ತೂಕ ಸುಮಾರು 4 ಕಿಲೋ. ಕಾಗದದ ತೋಟಾದೊಳಗೆ ಸುಮಾರು 4 ಗ್ರಾಂ ಮದ್ದು, 30 ಗ್ರಾಂ ದಾಟುವ ಸೀಸದ ಗುಂಡು. ತೋಟಾ ತೆಗೆದು ಹಲ್ಲಿನಿಂದ ಹರಿ. ಮದ್ದನ್ನು ನಳಿಗೆಗೆ ಸುರಿ. ಗುಂಡು ಇಡು. ಗಜ ಎಂಬ ಉದ್ದನೆಯ ಸರಳು ಎಳೆದು ಗುಂಡನ್ನು ತಳದವರೆಗೆ ಜಡಿ, ಗಜವನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸು. ಕುದುರೆ ಎಂಬ ಪುಟ್ಟ ಸುತ್ತಿಗೆ ಎತ್ತಿ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೂರಿಸು. ಆಮೇಲೆ ಗುರಿ. ಪಳಗಿದವನು ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲ. ಪಳಗದವನು ಗಾಬರಿಯಲ್ಲಿ ಕೇಪು ಹಾಕುವುದನ್ನೇ ಮರೆಯುತ್ತಾನೆ, ಗುಂಡು ಹಾರಲಿಲ್ಲವೆಂಬುದು ಗದ್ದಲದಲ್ಲಿ ತಿಳಿಯುವುದಿಲ್ಲ, ಅದರ ಮೇಲೆಯೇ ಇನ್ನೊಂದು ತೋಟಾ ಜಡಿಯುತ್ತಾನೆ. ಬಂದೂಕು ಅಲ್ಲಿಗೆ ಕೆಟ್ಟಿತು. ನೂರಾರು ಸಲ ಅದೇ ಚಲನೆಯನ್ನು ಮಾಡಿಸುವ ಕವಾಯತು ಜೀವ ಉಳಿಸುತ್ತಿದ್ದದ್ದು ಹೀಗೆ.

1859ರಲ್ಲಿ ಶಿಕಾಗೋದ ಸೊರಗಿದ ಮಿಲಿಷಿಯಾ ಕಂಪನಿಯೊಂದು ಎಲ್ಸ್‌ವರ್ತ್‌ನ ಕೈಗೆ ಬಂತು. ಅದಕ್ಕೆ ಯುನೈಟೆಡ್ ಸ್ಟೇಟ್ಸ್ ಝುವಾವ್ ಕೆಡೆಟ್ಸ್ ಎಂದು ಹೊಸ ಹೆಸರಿಟ್ಟ. ಕುಡಿತ, ಜೂಜು, ಬಿಲಿಯರ್ಡ್ಸ್ ಕೋಣೆ ಎಲ್ಲಕ್ಕೂ ನಿಷೇಧ; ಮುರಿದವನಿಗೆ ಕಂಪನಿಯಲ್ಲಿ ಜಾಗವಿಲ್ಲ. 1860ರ ಬೇಸಿಗೆಯಲ್ಲಿ ಈ ತಂಡ ನ್ಯೂಯಾರ್ಕ್, ವಾಷಿಂಗ್ಟನ್ ಸೇರಿ ಹಲವು ನಗರಗಳಲ್ಲಿ ಪ್ರದರ್ಶನ ಕೊಟ್ಟಿತು. ತನಗೆ ಪ್ರವೇಶ ಸಿಗದಿದ್ದ ವೆಸ್ಟ್ ಪಾಯಿಂಟ್‌ನ ಮೈದಾನದಲ್ಲೂ ಎಲ್ಸ್‌ವರ್ತ್ ತನ್ನ ಹುಡುಗರ ಕವಾಯತು ತೋರಿಸಿದ. ದೇಶದಲ್ಲೆಲ್ಲ ಝುವಾವ್ ಹೆಸರಿನ ತಂಡಗಳು ಹುಟ್ಟಿಕೊಂಡವು. ಒಂದು ದಿನವೂ ಯುದ್ಧ ಕಾಣದ ಯುವಕ ದೇಶದ ಅತಿ ಪ್ರಸಿದ್ಧ ಕವಾಯತು ಗುರುವಾದ.

ಆ ಪ್ರವಾಸ ಮುಗಿಸಿ ಆತ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಲಿಂಕನ್ ಅವರ ವಕೀಲಿ ಕಚೇರಿಗೆ ಸೇರಿದ. ಹೆಸರಿಗೆ ಕಾನೂನು ಓದು, ನಡೆದದ್ದು ಚುನಾವಣಾ ಪ್ರಚಾರ. ಗೆದ್ದ ಲಿಂಕನ್ 1861ರ ಫೆಬ್ರವರಿಯಲ್ಲಿ ರೈಲಿನಲ್ಲಿ ವಾಷಿಂಗ್ಟನ್‌ಗೆ ಹೊರಟಾಗ ನಿಲ್ದಾಣಗಳಲ್ಲಿ ಜನಜಂಗುಳಿಯನ್ನು ತಡೆದು ದಾರಿ ಮಾಡುವ ಹೊಣೆ ಎಲ್ಸ್‌ವರ್ತ್‌ನದು. ಮನೆಯ ಹುಡುಗನಂತೆಯೇ ಆಗಿಹೋಗಿದ್ದ. ಲಿಂಕನ್ ಅವರ ಮಕ್ಕಳಾದ ವಿಲ್ಲಿ, ಟ್ಯಾಡ್ ಇಬ್ಬರಿಂದ ದಡಾರವನ್ನೂ ಹತ್ತಿಸಿಕೊಂಡು ಮಲಗಿದ್ದ.

ಬೆಂಕಿ ಆರಿಸುವವರ ರೆಜಿಮೆಂಟು

ಸಮ್ಟರ್ ಬಿದ್ದ ಸುದ್ದಿ ಬಂದದ್ದೇ ಎಲ್ಸ್‌ವರ್ತ್ ನ್ಯೂಯಾರ್ಕಿಗೆ ಓಡಿದ. ಆತ ಹುಡುಕಿದ್ದು ನಗರದ ಬೆಂಕಿ ಆರಿಸುವ ತಂಡಗಳನ್ನು. ಈ ಆಯ್ಕೆಯಲ್ಲಿ ಲೆಕ್ಕಾಚಾರವಿತ್ತು. 1865ರವರೆಗೆ ನ್ಯೂಯಾರ್ಕಿನ ಅಗ್ನಿಶಾಮಕರು ಸಂಬಳದ ನೌಕರರಾಗಿರಲಿಲ್ಲ. ಹಗಲು ಕಟುಕನೋ ಬಡಗಿಯೋ ಆಗಿದ್ದವನು ಗಂಟೆ ಹೊಡೆದರೆ ಪಂಪಿನ ಬಂಡಿ ಎಳೆದುಕೊಂಡು ಓಡುತ್ತಿದ್ದ. ಮೈಯಲ್ಲಿ ಕಸುವು, ಹೊಗೆ ಬೆಂಕಿಗೆ ಹೆದರದ ಎದೆ, ಏಣಿ ಹತ್ತುವ ರೂಢಿ, ಜೊತೆಗೆ ತಂಡವಾಗಿ ದುಡಿಯುವ ಅಭ್ಯಾಸ ಆಗಲೇ ಇತ್ತು. ತಮ್ಮ ಮೇಸ್ತ್ರಿಯನ್ನು ಅವರೇ ಆರಿಸಿಕೊಳ್ಳುತ್ತಿದ್ದರು. ಆ ಮೇಸ್ತ್ರಿಗಳಲ್ಲಿ ಹಲವರು ಈಗ ಅಧಿಕಾರಿಗಳಾದರು.

ಸುಮಾರು 1,100 ಜನ ಸೇರಲು ಕೆಲವೇ ದಿನ ಸಾಕಾಯಿತು. 11ನೇ ನ್ಯೂಯಾರ್ಕ್ ಸ್ವಯಂಸೇವಕ ಕಾಲ್ದಳ ಎಂಬುದು ಕಾಗದದ ಹೆಸರು, ಜನರ ಬಾಯಲ್ಲಿ ಫೈರ್ ಝುವಾವ್ಸ್. ಏಪ್ರಿಲ್ 29ರಂದು ಹೊರಟು ಮೇ 2ರಂದು ವಾಷಿಂಗ್ಟನ್ ಮುಟ್ಟಿದರು. ಬಿಡಾರಕ್ಕೆ ಬೇರೆ ಜಾಗವಿಲ್ಲದೆ ಅವರನ್ನು ಸಂಸತ್ತಿನ ಕಟ್ಟಡದೊಳಗೇ ಇಳಿಸಲಾಯಿತು.

ಇಷ್ಟು ವೇಗದಲ್ಲಿ ಕಟ್ಟಿದ್ದರ ಬೆಲೆಯೂ ಕೂಡಲೇ ಕಂಡಿತು. ಹೇಳಿದ ಮಾತಿಗೆ ಎದುರಾಡುವುದು, ಬಿಡಾರ ಬಿಟ್ಟು ಊರು ಸುತ್ತುವುದು, ಅಂಗಡಿಗಳಲ್ಲಿ ರಂಪ ಮಾಡುವುದು ಶುರುವಾಯಿತು. ಶಿಕಾಗೋದ ಐವತ್ತು ಹುಡುಗರನ್ನು ಒಂದು ವರ್ಷ ತಿದ್ದಿದ ಗುರುವಿಗೆ ಇಲ್ಲಿ ಸಾವಿರದ ನೂರು ಜನರನ್ನು ತಿದ್ದಲು ಸಿಕ್ಕಿದ್ದು ಮೂರು ವಾರ. ಆದರೂ ಮೇ 9ರಂದು ನಗರದ ವಿಲ್ಲರ್ಡ್ ಹೋಟೆಲಿನ ಪಕ್ಕದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಇದೇ ಜನ ಓಡಿಹೋದರು. ಏಣಿ ಸಾಲದ ಕಡೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನೀರು ಹಾಯಿಸಿ ಹೋಟೆಲನ್ನು ಉಳಿಸಿದರು. ಇವರಿಗೆ ಬರುತ್ತಿದ್ದ ಕೆಲಸದಲ್ಲಿ ಇವರಿಗಿಂತ ಶಿಸ್ತಿನವರು ಇರಲಿಲ್ಲ. ಹೊಸ ಕೆಲಸ ಕಲಿಯಲು ಸಮಯವಿರಲಿಲ್ಲ, ಅಷ್ಟೇ.

ಮೇ 24ರ ಮುಂಜಾನೆ

ವಾಷಿಂಗ್ಟನ್‌ಗೂ ವರ್ಜೀನಿಯಾಕ್ಕೂ ನಡುವೆ ಇರುವುದು ಪೊಟೋಮ್ಯಾಕ್ ನದಿ ಮಾತ್ರ. ನದಿಯಾಚೆಯ ದಿಬ್ಬಗಳಲ್ಲಿ ತೋಪು ನಿಲ್ಲಿಸಿದರೆ ರಾಜಧಾನಿ ಗುರಿಗೆ ಸಿಗುತ್ತಿತ್ತು. ಮೇ 23ರಂದು ವರ್ಜೀನಿಯಾದ ಮತದಾರರು ಒಕ್ಕೂಟ ಬಿಡುವ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟರು. ಅದೇ ರಾತ್ರಿ ಉತ್ತರದ ಸೇನೆ ನದಿ ದಾಟಲು ಹೊರಟಿತು. ಕೆಲವು ರೆಜಿಮೆಂಟುಗಳು ಸೇತುವೆಗಳ ಮೇಲೆ ನಡೆದವು. ಎಲ್ಸ್‌ವರ್ತ್‌ನ ಜನ ಉಗಿದೋಣಿಗಳಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಹೊರಟರು.

ಹೊರಡುವ ಮೊದಲು ಆತ ತಂದೆ ತಾಯಿಗೆ ಕಾಗದ ಬರೆದ. ತನಗೆ ಏನೇ ಬಂದರೂ ಒಪ್ಪಿಕೊಳ್ಳಲು ಸಿದ್ಧ, ಗುಬ್ಬಿ ಬೀಳುವುದನ್ನೂ ಗಮನಿಸುವ ದೇವರಿಗೆ ತನ್ನಂಥವನ ಗತಿಯಲ್ಲೂ ಏನಾದರೊಂದು ಉದ್ದೇಶವಿದ್ದೀತು ಎಂಬ ಅರ್ಥದ ಮಾತು ಅದರಲ್ಲಿದೆ. ಇನ್ನೊಂದು ಕಾಗದ ರಾಕ್‌ಫರ್ಡ್ ಊರಿನಲ್ಲಿದ್ದ ಕ್ಯಾರಿ ಸ್ಪ್ಯಾಫರ್ಡ್‌ಗೆ. ಅವಳೊಂದಿಗೆ ಮದುವೆ ನಿಶ್ಚಯವಾಗಿತ್ತು.

ದಕ್ಷಿಣದ ಸಣ್ಣ ಪಡೆ ಪಟ್ಟಣ ಬಿಟ್ಟು ಹೊರಟಿತ್ತು. ಬಂದರಿನಲ್ಲಿ ಹೇಳಿಕೊಳ್ಳುವಂಥ ಪ್ರತಿರೋಧವೇ ಇರಲಿಲ್ಲ. ಇಳಿದ ಮೇಲೆ ಮಾಡಬೇಕಾದ್ದು ಎರಡು ಕೆಲಸ: ರೈಲು ಹಳಿ ಕೀಳುವುದು, ತಂತಿ ಕಚೇರಿ ಹಿಡಿಯುವುದು. ಸುದ್ದಿ ವರ್ಜೀನಿಯಾದ ರಾಜಧಾನಿ ರಿಚ್ಮಂಡ್ ಕಡೆಗೆ ಹೋಗಬಾರದು. ಒಂದು ಕಂಪನಿಯನ್ನು ರೈಲ್ವೆ ಕಡೆಗೆ ಕಳಿಸಿ, ತಂತಿ ಕಚೇರಿಗೆ ಎಲ್ಸ್‌ವರ್ತ್ ಕೆಲವೇ ಜನರೊಂದಿಗೆ ತಾನೇ ಹೊರಟ. ಜೊತೆಗಿದ್ದವರಲ್ಲಿ ಕಾರ್ಪೋರಲ್ ಫ್ರಾನ್ಸಿಸ್ ಬ್ರೌನೆಲ್, ಕೆಲವು ಸಿಪಾಯಿಗಳು, ರೆಜಿಮೆಂಟಿನ ಪಾದ್ರಿ, ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ ಎಡ್ವರ್ಡ್ ಹೌಸ್. ವರದಿಗಾರ ಕಣ್ಣಾರೆ ಕಂಡದ್ದರಿಂದಲೇ ಮುಂದಿನ ಕ್ಷಣಗಳ ವಿವರ ನಮಗೆ ಇಷ್ಟು ಸ್ಪಷ್ಟವಾಗಿ ಸಿಗುತ್ತದೆ.

ಕಿಂಗ್ ಸ್ಟ್ರೀಟ್‌ನಲ್ಲಿ ಹೋಗುವಾಗ ಮಾರ್ಷಲ್ ಹೌಸಿನ ಮೇಲೆ ಕಾನ್ಫೆಡರಸಿಯ ದೊಡ್ಡ ಧ್ವಜ ಕಂಡಿತು. ದುರ್ಬೀನು ಹಿಡಿದರೆ ವಾಷಿಂಗ್ಟನ್‌ನಿಂದಲೂ ಕಾಣುತ್ತಿದ್ದ ಧ್ವಜವದು. ಹೋಟೆಲ್ ನಡೆಸುತ್ತಿದ್ದ ಜೇಮ್ಸ್ ಜ್ಯಾಕ್ಸನ್ ಒಕ್ಕೂಟ ಬಿಡುವುದರ ಕಟ್ಟಾ ಬೆಂಬಲಿಗ. ಒಳಗೆ ಹೋದ ಎಲ್ಸ್‌ವರ್ತ್, ಅರೆಬರೆ ಬಟ್ಟೆಯಲ್ಲಿ ಎದುರಾದ ಒಬ್ಬನನ್ನು ಧ್ವಜ ಯಾರದೆಂದು ಕೇಳಿದ. ಗೊತ್ತಿಲ್ಲ, ನಾನು ಇಲ್ಲಿ ತಂಗಿರುವವನು ಎಂದ ಆ ಮನುಷ್ಯ ಜ್ಯಾಕ್ಸನ್ನೇ. ಅವನನ್ನು ಅಲ್ಲಿಗೇ ಬಿಟ್ಟು ಇವರು ಮೇಲೆ ಹತ್ತಿದರು, ಧ್ವಜದ ಹಗ್ಗ ಕತ್ತರಿಸಿದರು.

ಇಳಿಯುವಾಗ ಬ್ರೌನೆಲ್ ಮುಂದೆ, ಅವನ ಹಿಂದೆ ಎಲ್ಸ್‌ವರ್ತ್. ಕೈಯಲ್ಲಿದ್ದ ಧ್ವಜವನ್ನು ಸುತ್ತಿಕೊಳ್ಳುತ್ತಾ ಇಳಿಯುತ್ತಿದ್ದ, ಎರಡು ಕೈಯೂ ಅದರಲ್ಲೇ. ಮೆಟ್ಟಿಲ ತಿರುವಿನಲ್ಲಿ ಜ್ಯಾಕ್ಸನ್ ಜೋಡಿ ನಳಿಗೆಯ ಕೋವಿ ಹಿಡಿದು ಎದುರಾದ. ಬ್ರೌನೆಲ್ ತನ್ನ ಬಂದೂಕಿನಿಂದ ಆ ಕೋವಿಯನ್ನು ಬಡಿದು ತಿರುಗಿಸಲು ನೋಡಿದ, ಆಗಲಿಲ್ಲ. ಕೆಲವೇ ಅಡಿ ಅಂತರದಿಂದ ಹಾರಿದ ಮೊದಲ ಗುಂಡು ಎಲ್ಸ್‌ವರ್ತ್‌ನ ಎದೆಗೆ ಹೊಕ್ಕಿತು. ಅಂಗಿಯ ಮೇಲಿದ್ದ ಚಿನ್ನದ ಬಿಲ್ಲೆಯನ್ನೂ ಜೊತೆಗೆ ಒಳಕ್ಕೆ ನೂಕಿತು. 'ನಮಗಾಗಿ ಅಲ್ಲ, ದೇಶಕ್ಕಾಗಿ' ಎಂಬ ಲ್ಯಾಟಿನ್ ಮಾತು ಅದರ ಮೇಲಿತ್ತು. ಎರಡನೆಯ ನಳಿಗೆಯ ಗುಂಡು ಬ್ರೌನೆಲ್‌ಗೆ ತಾಗದೆ ಹೋಯಿತು. ಅಷ್ಟರಲ್ಲಿ ಬ್ರೌನೆಲ್ ಜ್ಯಾಕ್ಸನ್‌ನ ಮುಖಕ್ಕೆ ಗುಂಡು ಹೊಡೆದು ಬಂದೂಕಿನ ತುದಿಯ ಬಯೊನೆಟ್ ಚೂರಿಯಿಂದ ತಿವಿದ. ಇಬ್ಬರೂ ಆ ಮೆಟ್ಟಿಲಿನ ಮೇಲೆಯೇ ಸತ್ತರು.

ಅದೇ ದಿನ, ಅದೇ ಪಟ್ಟಣದ ಡ್ಯೂಕ್ ಸ್ಟ್ರೀಟ್‌ನಲ್ಲಿ ಗುಲಾಮರನ್ನು ಕೂಡಿಹಾಕಿ ಮಾರುತ್ತಿದ್ದ ವ್ಯಾಪಾರಸ್ಥಳವೂ ಉತ್ತರದ ಸೇನೆಯ ವಶವಾಯಿತು. ಈಗ ಅದು ಫ್ರೀಡಂ ಹೌಸ್ ಎಂಬ ವಸ್ತುಸಂಗ್ರಹಾಲಯ. ಧ್ವಜದ ಕಥೆಯ ಅಬ್ಬರದಲ್ಲಿ ಈ ಸಂಗತಿ ಹಿಂದೆ ಬಿದ್ದುಹೋಗಿದೆ. ಅಲೆಕ್ಸಾಂಡ್ರಿಯಾಕ್ಕೆ ಹೋಗುವವರು ಅದನ್ನು ತಪ್ಪದೆ ನೋಡಬೇಕು. ಯುದ್ಧ ಯಾತಕ್ಕಾಗಿ ನಡೆಯಿತೆಂಬುದು ಅಲ್ಲಿನ ಗೋಡೆಗಳ ನಡುವೆ ನಿಂತರೆ ತಿಳಿಯುತ್ತದೆ.

ಆತ ಮಾಡಿದ್ದು ತಪ್ಪೇ?

ಸೇನಾ ಲೆಕ್ಕದಲ್ಲಿ ತಪ್ಪೇ. ತಂತಿ ಕಚೇರಿಯ ಕೆಲಸ ಬಾಕಿಯಿತ್ತು, ಧ್ವಜದಿಂದ ಯಾವ ಅಪಾಯವೂ ಇರಲಿಲ್ಲ. ಕಟ್ಟಡ ಹೊಕ್ಕಾಗ ಮೊದಲು ಒಳಗಿರುವವರನ್ನೆಲ್ಲ ಒಂದೆಡೆ ಸೇರಿಸಿ ಕಾವಲು ಹಾಕಬೇಕಿತ್ತು. ಎದುರಾದವನ ಮಾತು ನಂಬಿ ಬೆನ್ನ ಹಿಂದೆ ಬಿಟ್ಟದ್ದು, ಇಳಿಯುವಾಗ ಕೈ ಖಾಲಿ ಇಟ್ಟುಕೊಳ್ಳದ್ದು, ಸಾವಿರ ಜನರ ಮುಖ್ಯಸ್ಥ ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡದ್ದು, ಮೂರೂ ಅನುಭವಿ ಅಧಿಕಾರಿ ಮಾಡದ ಕೆಲಸ.

ಆದರೆ ಆತ ಯಾರನ್ನು ನಡೆಸುತ್ತಿದ್ದ ಎಂಬುದನ್ನೂ ನೋಡಬೇಕು. ಉರಿಯುವ ಮನೆಗೆ ಮೊದಲು ಯಾರು ನುಗ್ಗುತ್ತಾರೆ ಎಂಬುದರಿಂದಲೇ ನಾಯಕನನ್ನು ಅಳೆಯುವ ಜನ ಅವರು. ಶಿಸ್ತು ಇನ್ನೂ ಕೂತಿರದ ರೆಜಿಮೆಂಟಿನಲ್ಲಿ ಬೇರೆಯವರನ್ನು ಕಳಿಸಿ ತಾನು ಕೆಳಗೆ ನಿಲ್ಲುವ ಕರ್ನಲ್‌ಗೆ ಬೆಲೆ ಇರುತ್ತಿರಲಿಲ್ಲ. ಯುದ್ಧದುದ್ದಕ್ಕೂ ಎರಡೂ ಕಡೆ ಕರ್ನಲ್‌ಗಳೂ ಜನರಲ್‌ಗಳೂ ಮುಂಚೂಣಿಯಲ್ಲೇ ಅಷ್ಟೊಂದು ಸಂಖ್ಯೆಯಲ್ಲಿ ಸತ್ತದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಮೊದಲ ಬೇಸಿಗೆಯಲ್ಲೇ ಸರ್ಕಾರಕ್ಕೆ ಪದ್ಧತಿಯ ದೋಷ ಅರ್ಥವಾಯಿತು. 1861ರ ಜುಲೈನ ಕಾನೂನು ಸ್ವಯಂಸೇವಕ ಅಧಿಕಾರಿಗಳ ಅರ್ಹತೆಯನ್ನು ಪರೀಕ್ಷಿಸುವ ಮಂಡಳಿಗಳಿಗೆ ಅವಕಾಶ ಕೊಟ್ಟಿತು. ಪರೀಕ್ಷೆಯಲ್ಲಿ ನಿಲ್ಲಲಾರದ ಅನೇಕರು ತಾವಾಗಿಯೇ ರಾಜೀನಾಮೆ ಕೊಟ್ಟು ಹೋದರು.

ದೇಹ ಊರು ಮುಟ್ಟಿದ್ದು

ಸುದ್ದಿ ತಿಳಿದ ಲಿಂಕನ್ ಭೇಟಿಗೆ ಬಂದವರ ಎದುರೇ ಕಣ್ಣೀರಿಟ್ಟರು, ಮಾತನಾಡಲಾಗಲಿಲ್ಲ. ದೇಹವನ್ನು ವಾಷಿಂಗ್ಟನ್‌ನ ನೌಕಾನೆಲೆಗೆ ತಂದಾಗ ಹೋಗಿ ನೋಡಿದರು. ಮೇ 25ರಂದು ಶ್ವೇತಭವನದ ಈಸ್ಟ್ ರೂಮಿನಲ್ಲಿ ಅಂತಿಮ ದರ್ಶನಕ್ಕಿಟ್ಟು ಪ್ರಾರ್ಥನೆ ನಡೆಯಿತು. ಅಂದೇ ಲಿಂಕನ್ ಎಲ್ಸ್‌ವರ್ತ್‌ನ ತಂದೆ ತಾಯಿಗೆ ಪತ್ರ ಬರೆದರು. ಮಗನ ಅಕಾಲ ಮರಣದಿಂದ ನಿಮಗಾದ ದುಃಖಕ್ಕಿಂತ ನಮ್ಮದು ಅಷ್ಟೇನೂ ಕಡಿಮೆಯಲ್ಲ, ನೋಡಲು ಬರೀ ಹುಡುಗನಂತಿದ್ದರೂ ಜನರನ್ನು ನಡೆಸುವ ಅವನ ಶಕ್ತಿ ದೊಡ್ಡದು ಎಂದು ಅದರಲ್ಲಿದೆ.

ಬೇಸಿಗೆಯ ಹೊಸ್ತಿಲಲ್ಲಿ ದೇಹವನ್ನು ಮೂರು ದಿನ ಕೆಡದಂತೆ ಇಟ್ಟದ್ದು ಹೇಗೆ? ಅದುವರೆಗೆ ಹೆಚ್ಚಾಗಿ ರೂಢಿಯಲ್ಲಿದ್ದ ದಾರಿ ಮಂಜುಗಡ್ಡೆ, ಅದು ದೂರ ಪ್ರಯಾಣಕ್ಕೆ ಸಾಲದು. ಥಾಮಸ್ ಹೋಮ್ಸ್ ಎಂಬ ವೈದ್ಯ ಎಲ್ಸ್‌ವರ್ತ್‌ನ ದೇಹಕ್ಕೆ ಸಂರಕ್ಷಕ ದ್ರಾವಣ ಏರಿಸಿದ. ಅಪಧಮನಿಯೊಂದನ್ನು ಬಿಡಿಸಿ, ಕೊಳವೆ ಕಟ್ಟಿ, ಪಂಪಿನಿಂದ ದ್ರಾವಣವನ್ನು ರಕ್ತನಾಳಗಳಲ್ಲೆಲ್ಲ ತುಂಬುವುದು ಈ ವಿಧಾನ. ಆ ಕಾಲದ ದ್ರಾವಣಗಳಲ್ಲಿ ಪಾಷಾಣ, ಸತುವಿನ ಕ್ಲೋರೈಡ್, ಪಾದರಸದ ಲವಣಗಳಂಥ ವಿಷಗಳಿರುತ್ತಿದ್ದವು. ಅವು ಕೊಳೆಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಎಲ್ಸ್‌ವರ್ತ್‌ನ ಮುಖ ಜೀವಂತವಾಗಿರುವಂತೆಯೇ ಕಂಡದ್ದನ್ನು ಸಾವಿರಾರು ಜನ ನೋಡಿದರು, ಪತ್ರಿಕೆಗಳು ಬರೆದವು. ಸತ್ತ ಮಗನನ್ನು ದೂರದೂರಿನಿಂದ ಮನೆಗೆ ತರಿಸಬಹುದು ಎಂಬುದು ಅಮೆರಿಕನ್ನರಿಗೆ ಮನದಟ್ಟಾಗಲು ಈ ಸಾವೂ ಕಾರಣವಾಯಿತು. ದೇಹ ರೈಲಿನಲ್ಲಿ ನ್ಯೂಯಾರ್ಕ್ ನಗರಕ್ಕೆ, ಅಲ್ಲಿಂದ ಆಲ್ಬನಿಗೆ ಹೋಗಿ, ಮೇ 27ರಂದು ಮೆಕ್ಯಾನಿಕ್‌ವಿಲ್‌ನ ಗುಡ್ಡದಲ್ಲಿ ಮಣ್ಣಾಯಿತು.

ಮಿಕ್ಕ ಹುಡುಗರ ಸಾವು

ಎಲ್ಸ್‌ವರ್ತ್‌ನಂತೆ ಸತ್ತವರು ಕಡಿಮೆ. ಉತ್ತರದ ಕಡೆ ಮಡಿದ ಸುಮಾರು 3.6 ಲಕ್ಷ ಜನರಲ್ಲಿ ಗುಂಡು, ಗಾಯದಿಂದ ಸತ್ತವರು 1.1 ಲಕ್ಷದಷ್ಟು. ಉಳಿದವರಲ್ಲಿ ಬಹುಪಾಲು ಕಾಯಿಲೆಯಿಂದ ಹೋದರು. ಇದಕ್ಕೂ ಸ್ವಯಂಸೇವಕ ಪದ್ಧತಿಗೂ ನೇರ ಸಂಬಂಧವಿದೆ.

ಹೊಲಮನೆಗಳಿಂದ ಬಂದ ಹುಡುಗರಿಗೆ ಚಿಕ್ಕಂದಿನಲ್ಲಿ ದಡಾರ ಬಂದಿರಲಿಲ್ಲ, ಸುತ್ತ ಮನೆಗಳೇ ಕಡಿಮೆ. ಸಾವಿರ ಜನರ ಬಿಡಾರದಲ್ಲಿ ಒಬ್ಬನಿಗೆ ಬಂದರೆ ಒಂದೆರಡು ವಾರದಲ್ಲಿ ಡೇರೆಗೆ ಡೇರೆಯೇ ಮಲಗುತ್ತಿತ್ತು. ಉತ್ತರದ ಸೇನೆಯಲ್ಲಿ 67 ಸಾವಿರಕ್ಕೂ ಹೆಚ್ಚು ಜನರಿಗೆ ದಡಾರ ಬಂತು, 4 ಸಾವಿರಕ್ಕೂ ಹೆಚ್ಚು ಜನ ಸತ್ತರು. ದಡಾರದ ಬೆನ್ನಿಗೆ ಬರುವ ಶ್ವಾಸಕೋಶದ ಸೋಂಕು ಪ್ರಾಣ ತೆಗೆಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಜೀವ ತೆಗೆದದ್ದು ಭೇದಿ, ಆಮಶಂಕೆ, ವಿಷಮಶೀತ ಜ್ವರ. ಪಾಯಿಖಾನೆಗೆ ಉದ್ದನೆಯ ಕಂದಕ ತೋಡಿ ದಿನಕ್ಕೊಮ್ಮೆ ಅರ್ಧ ಅಡಿ ಹೊಸ ಮಣ್ಣು ಮುಚ್ಚಬೇಕೆಂದು ನಿಯಮ ಹೇಳುತ್ತಿತ್ತು. ತಮ್ಮೂರಿನ ಹುಡುಗರೇ ಆರಿಸಿದ ಕ್ಯಾಪ್ಟನ್ ಆ ಹೊಲಸು ಕೆಲಸಕ್ಕೆ ಅವರನ್ನು ಗದರಿಸಿ ಕಳಿಸಲು ಹಿಂಜರಿಯುತ್ತಿದ್ದ. ಮಳೆ ಬಂದರೆ ಕಂದಕದ ನೀರು ತೊರೆಗೆ, ತೊರೆಯ ನೀರು ಕುಡಿಯುವ ತಂಬಿಗೆಗೆ. ರೋಗ ಸೂಕ್ಷ್ಮಜೀವಿಗಳಿಂದ ಹರಡುತ್ತದೆಂಬ ತಿಳಿವಳಿಕೆ ಇನ್ನೂ ಬೇರೂರಿರಲಿಲ್ಲ.

ಊಟವೂ ನೆರವಾಗಲಿಲ್ಲ. ದಿನಕ್ಕೆ ಒಬ್ಬನಿಗೆ 340 ಗ್ರಾಂ ಉಪ್ಪುಹಚ್ಚಿದ ಹಂದಿಮಾಂಸ ಅಥವಾ 570 ಗ್ರಾಂನಷ್ಟು ದನದ ಮಾಂಸ, ದಂಡಯಾತ್ರೆಯಲ್ಲಿ 450 ಗ್ರಾಂ ಹಾರ್ಡ್‌ಟ್ಯಾಕ್ ಎಂಬ ಕಲ್ಲಿನಂಥ ಬಿಸ್ಕತ್ತು, ಜೊತೆಗೆ ಕಾಫಿ, ಸಕ್ಕರೆ, ಒಂದಿಷ್ಟು ಅವರೆಯಂಥ ಕಾಳು. ಹೊಟ್ಟೆಗೆ ಕೊರತೆಯಿಲ್ಲ, ಹಸಿ ತರಕಾರಿ ಹಣ್ಣು ಮಾತ್ರ ಇಲ್ಲ. ಒಸಡು ಬಾತು ಹಲ್ಲು ಅಲುಗುವ ಸ್ಕರ್ವಿ ಕಾಣಿಸಿಕೊಳ್ಳುತ್ತಿತ್ತು.

ಸತ್ತವರ ಹೆಸರು ಹೇಳುವ ಬಿಲ್ಲೆಗಳನ್ನೂ ಸರ್ಕಾರ ಕೊಟ್ಟಿರಲಿಲ್ಲ. ದೊಡ್ಡ ಕಾಳಗದ ಮುನ್ನ ಹುಡುಗರು ಹೆಸರು, ಊರು ಬರೆದ ಚೀಟಿಯನ್ನು ಅಂಗಿಯ ಬೆನ್ನಿಗೆ ಪಿನ್ನು ಹಾಕಿಕೊಳ್ಳುತ್ತಿದ್ದರು. ಯುದ್ಧದ ನಂತರ ಸುಮಾರು 3 ಲಕ್ಷ ದೇಹಗಳನ್ನು ಹೊಲ, ಕಾಡು, ದಾರಿಬದಿಯ ಗುಂಡಿಗಳಿಂದ ತೆಗೆದು ರಾಷ್ಟ್ರೀಯ ಸ್ಮಶಾನಗಳಲ್ಲಿ ಹೂಳಿದಾಗ ಅರ್ಧಕ್ಕೆ ಸಮೀಪ ದೇಹಗಳ ಗುರುತು ಸಿಗಲಿಲ್ಲ. ಅಂಥ ಕಲ್ಲುಗಳ ಮೇಲೆ ಸಂಖ್ಯೆ ಮಾತ್ರ ಇದೆ. 1868ರಲ್ಲಿ ಜನರಲ್ ಜಾನ್ ಲೋಗನ್ ಮೇ 30ರಂದು ಸಮಾಧಿಗಳಿಗೆ ಹೂವಿಡುವಂತೆ ಕರೆಕೊಟ್ಟದ್ದು ಈ ಸ್ಮಶಾನಗಳಿಗಾಗಿ. 1971ರಿಂದ ಆ ದಿನ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಸರಿಯಿತು. ಸೇನೆ ಗುರುತಿನ ಬಿಲ್ಲೆಯನ್ನು ಅಧಿಕೃತವಾಗಿ ತಂದದ್ದು 1906ರಲ್ಲಿ.

ರೆಜಿಮೆಂಟು, ಧ್ವಜ, ಹೋಟೆಲು

ಕರ್ನಲ್ ಇಲ್ಲದ ಫೈರ್ ಝುವಾವ್‌ಗಳು ಎರಡೇ ತಿಂಗಳಲ್ಲಿ, ಜುಲೈ 21ರಂದು ಬುಲ್ ರನ್ ಯುದ್ಧಕ್ಕಿಳಿದರು. ತೋಪುಗಳ ರಕ್ಷಣೆಗೆ ನಿಂತ ಅವರ ಸಾಲು ಒಡೆದು ಚದುರಿತು, ಅನೇಕರು ಸತ್ತರು, ಅನೇಕರು ಸೆರೆಸಿಕ್ಕರು. ರೆಜಿಮೆಂಟು ಮತ್ತೆ ಚೇತರಿಸಿಕೊಳ್ಳಲಿಲ್ಲ, 1862ರಲ್ಲಿ ಅದನ್ನು ವಿಸರ್ಜಿಸಿದರು.

ಎಲ್ಸ್‌ವರ್ತ್ ಹೆಸರಿನಲ್ಲಿ ಇನ್ನೊಂದು ದಳ ಎದ್ದಿತು: 44ನೇ ನ್ಯೂಯಾರ್ಕ್. ಈ ಸಲ ಅವಸರವಿಲ್ಲ. ಮದುವೆಯಾಗಿರಬಾರದು, ವಯಸ್ಸು 30 ಮೀರಿರಬಾರದು, ಎತ್ತರ 5 ಅಡಿ 8 ಅಂಗುಲಕ್ಕೆ ಕಡಿಮೆಯಿರಬಾರದು, ನಡತೆ ಒಳ್ಳೆಯದಿರಬೇಕು. ಎಲ್ಸ್‌ವರ್ತ್‌ನ ಎತ್ತರ ಸುಮಾರು 5 ಅಡಿ 6 ಅಂಗುಲ. ತನ್ನ ಹೆಸರಿನ ದಳಕ್ಕೆ ಆತ ಸೇರಲು ಆಗುತ್ತಿರಲಿಲ್ಲ. ಈ ದಳ 1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ದಿಬ್ಬವನ್ನು ಉಳಿಸಿಕೊಂಡ ರೆಜಿಮೆಂಟುಗಳಲ್ಲಿ ಒಂದು.

ಬ್ರೌನೆಲ್‌ಗೆ 1877ರಲ್ಲಿ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ದೊರೆಯಿತು. ಮಾರ್ಷಲ್ ಹೌಸಿನ ಮೆಟ್ಟಿಲನ್ನು ನೆನಪಿನ ಚೂರು ಬೇಕೆಂದವರು ಚಾಕುವಿನಿಂದ ಕೆತ್ತಿ ಕೆತ್ತಿ ಒಯ್ದರು, ಕಟ್ಟಡ ಈಗಿಲ್ಲ. ಅದೇ ಮೂಲೆಯಲ್ಲಿ ಜ್ಯಾಕ್ಸನ್‌ನನ್ನು ಮಾತ್ರ ಹುತಾತ್ಮನೆಂದು ಹೊಗಳಿ, ಎಲ್ಸ್‌ವರ್ತ್ ಹೆಸರನ್ನೇ ಎತ್ತದ ಫಲಕವೊಂದು ದಶಕಗಳ ಕಾಲ ಇತ್ತು. 2017ರಲ್ಲಿ ಅದನ್ನು ತೆಗೆದರು. ಧ್ವಜದ ಬಹುಭಾಗ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿರುವ ನ್ಯೂಯಾರ್ಕ್ ರಾಜ್ಯದ ಸೇನಾ ವಸ್ತುಸಂಗ್ರಹಾಲಯದಲ್ಲಿದೆ, ಎಲ್ಸ್‌ವರ್ತ್ ಬೆಳೆದ ಊರಿನಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ.